ಫೋಟೋದಲ್ಲಿ ನನ್ನ ಕೈಯಲ್ಲಿರುವ ಚೀಟಿ

ಹುಲ್ಲು ತುರುಕಿದ ಮರದ ಪೆಟ್ಟಿಗೆಯೊಳಗೆ ಪಿಂಗಾಣಿ ಕಪ್ಪುಗಳು ಒಂದಕ್ಕೊಂದು ತಾಗುವ ಸದ್ದು. ಎಷ್ಟು ಹುಲ್ಲು ತುರುಕಿದರೂ ಮೂಡಿಗೆರೆಯ ರಸ್ತೆಗೆ ಅದು ಸಾಲುತ್ತಿರಲಿಲ್ಲ. ಕಾರು ಗುಂಡಿಗೆ ಇಳಿದಾಗ ಒಂದು ಸಲ ಕಿಣಿ, ಮೇಲೆದ್ದಾಗ ಇನ್ನೊಂದು ಸಲ. ಈಗ ಮೊಮ್ಮಗಳು ಟೇಬಲ್ ಮೇಲೆ ಕಪ್ಪು ಸಾಸರು ಜೋಡಿಸತೊಡಗಿದರೆ ನಾನು ಮೆಲ್ಲಗೆ ಎದ್ದು ಹಿತ್ತಲಿಗೆ ಹೋಗುತ್ತೇನೆ. ಅಜ್ಜಿಗೆ ನರ್ವ್ಸ್ ವೀಕ್ ಎಂದು ಅವಳ ತೀರ್ಮಾನ. ಇರಲಿ ಬಿಡಿ, ಅವಳಿಗೆ ಹೇಳಿದವಳಲ್ಲ ನಾನು. ಇಲ್ಲಿ ಹೇಳಿಬಿಡುತ್ತೇನೆ.

ಅದು ಯುದ್ಧದ ಕಾಲ. ಪೆಟ್ರೋಲಿಗೆ ಕೂಪನ್ನು, ಸೀಮೆಎಣ್ಣೆಗೆ ಕ್ಯೂ. ಮೂಡಿಗೆರೆ ಪೇಟೆ ಮುಗಿಯುವಲ್ಲಿ ಆರು ಮಂಚಗಳ ಒಂದು ಹೆರಿಗೆ ಮನೆ ಇತ್ತು. ಎಸ್ಟೇಟುಗಳ ಲೈನುಗಳಲ್ಲಿ, ಎಂದರೆ ಕೂಲಿಯವರ ಸಾಲುಮನೆಗಳಲ್ಲಿ, ಬಸುರಿಯರು ಸಾಯುವುದನ್ನು ನೋಡಲಾರದೆ ಕೆಲವು ಹೆಂಗಸರು ಸೇರಿ ಕಮಿಟಿ ಮಾಡಿ ತೆರೆದದ್ದು. ಪ್ರೆಸಿಡೆಂಟ್ ಒಬ್ಬ ಇಂಗ್ಲಿಷ್ ಪ್ಲಾಂಟರನ ಹೆಂಡತಿ. ನಾವೆಲ್ಲ ದೊರೆಸಾನಿ ಎನ್ನುತ್ತಿದ್ದೆವು. ಮನೆಯನ್ನು ನಿಜವಾಗಿ ನಡೆಸುತ್ತಿದ್ದವರು ಮದರಾಸಿನಲ್ಲಿ ತರಬೇತಿ ಪಡೆದು ಬಂದಿದ್ದ ಒಬ್ಬ ನರ್ಸ್, ನಮ್ಮ ಸಿಸ್ಟರ್. ನನಗೆ ಇಪ್ಪತ್ತೊಂದು. ಕಾನ್ವೆಂಟಿನಿಂದ ನೇರ ಬಂದವಳು. ಟೈಪಿಂಗ್ ಬರುತ್ತಿತ್ತು, ಪಿಯಾನೋ ಸ್ವಲ್ಪ ಬರುತ್ತಿತ್ತು, ಯಾವ ಚಮಚ ಯಾವ ಬದಿಗೆ ಎಂಬುದಂತೂ ಕಣ್ಣು ಮುಚ್ಚಿ ಹೇಳುತ್ತಿದ್ದೆ. ದಾನಿಗಳನ್ನು ಕರೆಯುವುದು, ಕೂರಿಸುವುದು, ಉಪಚರಿಸುವುದು, ಮರುದಿನ ಥ್ಯಾಂಕ್ ಯೂ ಲೆಟರ್ ಬರೆಯುವುದು, ಇದಿಷ್ಟಕ್ಕೆ ನನ್ನನ್ನು ಇಟ್ಟುಕೊಂಡಿದ್ದರು.

ಮೊದಲ ದಿನವೇ ಸಿಸ್ಟರ್ ನನಗೆ ಒಂದು ಮಾತು ಹೇಳಿದರು.

"ನೋಡಿ ಮಿಸ್, ಗೋಡೆಗೆ ಸುಣ್ಣ ಬೇಡ ನಂಗೆ. ಹೊಸ ಮಂಚನೂ ಬೇಡ. ನಾಲ್ಕು ಚಕ್ರ ಕೊಡ್ಸಿ. ಏಳೆಂಟು ಮೈಲಿ ಕಂಬಳಿಲಿ ಕಟ್ಟಿ ಹೊತ್ಕೊಂಡು ಬರ್ತಾರೆ. ಬರೋ ಅಷ್ಟೊತ್ತಿಗೆ ನಾನು ಮಾಡೋದು ಎಂತದೂ ಉಳಿದಿರಲ್ಲ."

ಹಾಗಾಗಿ ನಾನು ಮಾಡಬೇಕಿದ್ದ ಕೆಲಸ ಒಂದೇ: ಹೆರಿಗೆ ಮನೆಗೆ ಒಂದು ಕಾರು.

ಮೊದಲ ಪಾರ್ಟಿ ಕಾನ್ವೆಂಟಿನ ಎಟಿಕೆಟ್ ಕ್ಲಾಸಿನಂತೆಯೇ ನಡೆಯಿತು. ಕಾರ್ಡಿನಲ್ಲಿ ‘ಅಟ್ ಹೋಂ’ ಎಂದು ಟೈಪ್ ಮಾಡಿ ಮೂಲೆಯಲ್ಲಿ ಆರ್.ಎಸ್.ವಿ.ಪಿ. ಹಾಕಿದೆ. ದಾನಿಗಳು ತಾವು ಕೊಡುವ ಜಾಗವನ್ನು ಕಣ್ಣಾರೆ ನೋಡಬೇಕು ಎಂದು ಹೆರಿಗೆ ಮನೆಯ ವರಾಂಡದಲ್ಲೇ ಏರ್ಪಾಡು. ದೊರೆಸಾನಿ ತಮ್ಮ ಮನೆಯ ನಲವತ್ತೆಂಟು ಕಪ್ಪುಗಳನ್ನು ಎರಡು ಪೆಟ್ಟಿಗೆಯಲ್ಲಿ ಕಳಿಸಿದರು. ತೆಳ್ಳಗಿನ ನೀಲಿ ಅಂಚಿನ ಕಪ್ಪುಗಳು, ಬೆಳಕಿಗೆ ಹಿಡಿದರೆ ಬೆರಳು ಕಾಣುತ್ತಿತ್ತು. ಊರಿನ ಜಮೀನುದಾರರ ಮನೆಯ ಹೆಂಗಸರು ಬಂದರು. ಕಳಸದ ಕಡೆಯಿಂದ ಇಬ್ಬರು ಬಂದದ್ದು ನನಗೆ ದೊಡ್ಡ ಹೆಮ್ಮೆ. ಒಳ್ಳೆಯ ಸೀರೆ ಉಟ್ಟು, ಬೆನ್ನು ನೆಟ್ಟಗೆ ಮಾಡಿ ಕೂತರು. ನಾನು ಟೀ ಹೊಯ್ದೆ. ಒಬ್ಬರೂ ಮುಟ್ಟಲಿಲ್ಲ.

"ಬೇಡ ಮಾರಾಯ್ತಿ, ಈಗ ತಾನೇ ಕುಡ್ದು ಬಂದೆ."

"ನಂಗೂ ಬೇಡ, ಹೊಟ್ಟೆ ಭಾರ."

ಎಲ್ಲರೂ ಈಗ ತಾನೇ ಕುಡಿದು ಬಂದವರೇ. ಕಪ್ಪುಗಳ ಮೇಲೆ ಕೆನೆ ಕಟ್ಟಿತು. ಕಾಫಿ ಬೆಳೆಯುವವರಿಗೆ ಟೀ ಕೊಟ್ಟದ್ದೇ ತಪ್ಪಾಯಿತೇನೋ ಎಂದು ದೊರೆಸಾನಿ ಕಿವಿಯಲ್ಲಿ ಪಿಸುಗುಟ್ಟಿ ನಕ್ಕರು. ನನಗೆ ನಗು ಬರಲಿಲ್ಲ. ಕಾರಿನ ವಿಷಯ ಎತ್ತುವ ಮೊದಲೇ ಒಬ್ಬೊಬ್ಬರಾಗಿ ಎದ್ದು ಹೋದರು.

ಕೊನೆಗೆ ಉಳಿದವರು ದೇವರಮನೆ ಗುಡ್ಡದ ಕಡೆಯ ಒಂದು ದೊಡ್ಡ ತೋಟದ ಪಟೇಲರ ಹೆಂಡತಿ. ಪಟೇಲರ ಅಮ್ಮ ಎಂದೇ ಎಲ್ಲರೂ ಕರೆಯುತ್ತಿದ್ದರು. ದಪ್ಪ ಗಾಜಿನ ಬಳೆ, ದೊಡ್ಡ ದನಿ.

"ಬಾ ಇಲ್ಲಿ ಮಗ. ನಿಂಗೆ ನಿಮ್ಮವ್ವ ಎಂತದೂ ಹೇಳ್ಕೊಟ್ಟಿಲ್ವ?"

"ಯಾಕಮ್ಮ?"

"ಒಳಗೆ ಹೆತ್ತೋರು ಮಲ್ಗಿದಾರೆ. ಪುರುಡಿನ ಮನೇಲಿ ಯಾರಾದ್ರೂ ಬಾಯಿಗೆ ನೀರು ಹಾಕ್ತಾರೇನೆ? ಕೂತಿದ್ದೇ ಹೆಚ್ಚು. ಈಗ ಮನೆಗೆ ಹೋಗಿ ಎಲ್ಲ ತಲೆ ಮೇಲೆ ನೀರು ಹೊಯ್ಕಬೇಕು, ಈ ಚಳೀಲಿ. ನಿನ್ನ ಹೆಸ್ರು ಹೇಳ್ಕಂಡು ಹೊಯ್ಕಂತಾರೆ, ನೋಡ್ತಿರು!"

ಅವರು ನಕ್ಕರು. ಏಳನೆಯ ವಯಸ್ಸಿಗೇ ಬೋರ್ಡಿಂಗ್ ಸೇರಿದ್ದವಳು ನಾನು. ತಮ್ಮ ಹುಟ್ಟಿದಾಗಲೂ ಕಾಗದದಲ್ಲಿ ಓದಿ ತಿಳಿದೆ. ಪುರುಡು ಎಂಬ ಪದ ಗೊತ್ತಿತ್ತು. ಹೆತ್ತ ಮನೆಯಲ್ಲಿ ಅಷ್ಟು ದಿನ ಹೊರಗಿನವರು ತಿನ್ನುವುದಿಲ್ಲ, ಕುಡಿಯುವುದಿಲ್ಲ ಎಂದೂ ಗೊತ್ತಿತ್ತು. ಹಿತ್ತಾಳೆ ಬೋರ್ಡ್ ಹಾಕಿದ, ಫಿನಾಯಿಲ್ ವಾಸನೆಯ ಮನೆಗೂ ಅದು ಅನ್ವಯಿಸುತ್ತದೆ ಎಂಬುದು ಮಾತ್ರ ತಲೆಗೆ ಹೊಳೆದಿರಲಿಲ್ಲ.

ಆಮೇಲೆ ನಾನು ಕಳಿಸಿದ ಇಂಗ್ಲಿಷ್ ಲೆಟರ್‌ಗಳಿಗೆ ಒಂದಕ್ಕೂ ಉತ್ತರ ಬರಲಿಲ್ಲ. ಸುಗ್ಗಿ ಶುರುವಾಯಿತು, ಕಾಫಿ ಹಣ್ಣಿನ ಕೊಯ್ಲು ಮುಗಿಯುತ್ತಾ ಬಂತು. ಆ ನಡುವೆ ಕಂಬಳಿಯಲ್ಲಿ ಬಂದವರಲ್ಲಿ ಇಬ್ಬರು ಹೆರಿಗೆ ಮನೆಯ ಮೆಟ್ಟಿಲ ಹತ್ತಿರವೇ ತೀರಿಕೊಂಡರು. ಸಿಸ್ಟರ್ ನನ್ನನ್ನು ಏನೂ ಅನ್ನಲಿಲ್ಲ. ಅನ್ನದೆ ಇದ್ದದ್ದೇ ಕಷ್ಟವಾಗಿ, ಒಂದು ದಿನ ಕ್ಷಮೆ ಕೇಳಿ ಬರೋಣವೆಂದು ನಾನೇ ಪಟೇಲರ ಮನೆಗೆ ಹೋದೆ.

ಅಲ್ಲಿ ಆ ದಿನ ನೆಂಟರ ಹುಡುಗಿಯೊಬ್ಬಳಿಗೆ ಏಳನೆಯ ತಿಂಗಳ ಮಡಿಲು ತುಂಬುತ್ತಿದ್ದರು. ಸೆರಗು ಒಡ್ಡಿ ಕೂತಿದ್ದ ಹುಡುಗಿಯ ಮಡಿಲಿಗೆ ಅಕ್ಕಿ, ಕಾಯಿ, ಬೆಲ್ಲ, ವೀಳ್ಯದೆಲೆ, ರವಿಕೆಯ ಕಣ. ಹಾಕುವವರ ಮುಖದಲ್ಲಿ ಒಂದು ಥರದ ಗಾಂಭೀರ್ಯ. ನನ್ನ ವರಾಂಡದಲ್ಲಿ ಕೂತಿದ್ದ ಮುಖಗಳೇ ಅವು, ಆದರೆ ಬೇರೆ. ನಾನು ಮೂಲೆಯಲ್ಲಿ ನಿಂತು ನೋಡಿದೆ. ಹೊರಡುವಾಗ ಕೇಳಿದೆ:

"ಅಮ್ಮ, ನಿಮ್ಮ ಲೈನಿನ ಹೆಂಗಸರಿಗೆ ಯಾರು ತುಂಬ್ತಾರೆ ಮಡಿಲು?"

"ಅವರವ್ವ ತುಂಬ್ತಾಳೆ."

"ಅವರವ್ವ ಎಲ್ಲಿರ್ತಾಳೆ?"

ಪಟೇಲರ ಅಮ್ಮ ನನ್ನ ಕಡೆ ತಿರುಗಿದರು. "ಘಟ್ಟದ ಕೆಳಗೆ," ಎಂದರು. ಆಮೇಲೆ, "ನೀನು ಕಾಣೋವಷ್ಟು ದಡ್ಡಿ ಅಲ್ಲ ಕಣೇ," ಎಂದರು.

ಎರಡನೆಯ ಕೂಟ ಹೀಗೆ ಹುಟ್ಟಿತು. ಹೆರಿಗೆ ಮನೆಯಲ್ಲಿ ಅಲ್ಲ, ಪಟೇಲರ ಮನೆಯ ಕಾಫಿ ಒಣಗಿಸುವ ಕಣದಲ್ಲಿ. ಕಾಫಿ ಚೀಲಕ್ಕೆ ತುಂಬಿ ಸಾಗಿಸಿಯಾಗಿತ್ತು. ಕಣ ಗುಡಿಸಿ ಸೆಗಣಿ ಹಾಕಿ ಸಾರಿಸಿದರು. ಅಡುಗೆ ಆ ಮನೆಯದೇ, ಹಾಗಾಗಿ ಪುರುಡಿನ ಮಾತಿಲ್ಲ. ಸಿಸ್ಟರ್ ವಾರಗಟ್ಟಲೆ ಲೈನು ಲೈನು ನಡೆದು ಬಸುರಿಯರನ್ನು ಪರೀಕ್ಷಿಸಿ, ಯಾರಿಗೆ ಎಷ್ಟನೆಯ ತಿಂಗಳು, ಯಾರಿಗೆ ಕಾಲು ಊದಿದೆ, ಯಾರಿಗೆ ಹಿಂದೆ ಕೂಸು ಸತ್ತಿದೆ ಎಂದು ಪಟ್ಟಿ ಕೊಟ್ಟರು. ನಾನು ಆ ಪಟ್ಟಿಯನ್ನೂ ನನ್ನ ಗೆಸ್ಟ್ ಲಿಸ್ಟನ್ನೂ ಅಕ್ಕಪಕ್ಕ ಇಟ್ಟು ಗೆರೆ ಎಳೆದೆ: ಒಬ್ಬ ಅಮ್ಮನಿಗೆ ಒಬ್ಬ ಬಸುರಿ. ಕಪ್ಪು ಸಾಸರು ಇಲ್ಲ, ಲೋಟದಲ್ಲಿ ಬೆಲ್ಲದ ಕಾಫಿ. ದೊರೆಸಾನಿ ಹ್ಯಾಟು ಹಾಕಿಕೊಂಡು ಬೆಂಚಿನ ಮೇಲೆ ಕೂತು ಎಲ್ಲವನ್ನೂ ಬೆರಗಿನಿಂದ ನೋಡಿದರು.

ಅಮ್ಮಂದಿರು ಮಡಿಲು ತುಂಬಿದರು, ನಿಜ. ಆದರೆ ಒಂದು ಗೇಣು ಮೇಲಿನಿಂದ. ಕೈ ಸೆರಗಿಗೆ ತಾಗದ ಹಾಗೆ ಅಕ್ಕಿ ಬಿಟ್ಟರು. ಕಾಯಿಯನ್ನೂ ಮೇಲಿನಿಂದಲೇ ಮೆಲ್ಲನೆ ಬಿಟ್ಟರು. ಆ ಗೇಣು ನನಗೆ ಕಂಡಿತು. ಸಿಸ್ಟರಿಗೂ ಕಂಡಿತು. "ಬಿಡಿ ಮಿಸ್. ಕಾರು ಬರ್ಲಿ ಮೊದ್ಲು," ಎಂದರು.

ಪಟೇಲರ ಅಮ್ಮನ ಪಾಲಿಗೆ ಬಂದವಳು ಅವರದೇ ಲೈನಿನ ಹುಡುಗಿ. ಘಟ್ಟದ ಕೆಳಗಿನವಳು, ಚೊಚ್ಚಲು, ಹತ್ತೊಂಬತ್ತು ದಾಟಿರಲಾರದು. ಗಂಡ ನೆರಳಿನ ಮರ ಹತ್ತಿ ಕೊಂಬೆ ಸವರುವವನು. ಉಳಿದವರೆಲ್ಲ ತಲೆ ತಗ್ಗಿಸಿ ಕೂತಿದ್ದರೆ ಇವಳು ಸೆರಗನ್ನು ಅಗಲಕ್ಕೆ ಒಡ್ಡಿ, "ಇನ್ನೂ ಹಾಕಿ ಅಮ್ಮ, ಇಬ್ಬರಿದ್ದೇವೆ ನಾವು," ಎಂದಳು.

ಕಣವೆಲ್ಲ ನಕ್ಕಿತು. "ಬಾಯಿ ನೋಡು ಇವಳ್ದು! ತಗಾ, ತಗಾ," ಎಂದು ಪಟೇಲರ ಅಮ್ಮ ಇನ್ನೊಂದು ಸೇರು ಹೊಯ್ದರು. ಅವತ್ತಿನಿಂದ ಅವಳು ಅವರ ಬಾಯಲ್ಲಿ ‘ನನ್ನ ಹುಡ್ಗಿ’.

ನಾನು ಇಂಗ್ಲಿಷ್ ಲೆಟರ್ ಬಿಟ್ಟೆ. ಹದಿನೈದು ದಿನಕ್ಕೊಮ್ಮೆ ಒಬ್ಬೊಬ್ಬ ಅಮ್ಮನಿಗೂ ಕನ್ನಡದಲ್ಲಿ ನಾಲ್ಕು ಸಾಲು: ನಿಮ್ಮ ಹುಡುಗಿಗೆ ಜ್ವರ ಬಿಟ್ಟಿದೆ, ನಿಮ್ಮ ಹುಡುಗಿ ಹೆತ್ತಳು, ಗಂಡು. ಓದು ಬಾರದವರ ಮನೆಗೆ ನಾನೇ ಹೋಗಿ ಓದಿ ಹೇಳುತ್ತಿದ್ದೆ. ಪಟೇಲರ ಅಮ್ಮನಿಗೂ ಅಕ್ಷರ ಬರುತ್ತಿರಲಿಲ್ಲ. ಜಗುಲಿಯಲ್ಲಿ ಕೂರಿಸಿ, ಕಾಫಿ ಕೊಟ್ಟು, ಕಾಗದವನ್ನು ಎರಡೆರಡು ಸಲ ಓದಿಸುತ್ತಿದ್ದರು. ಹೊರಡುವಾಗ ಕುಂಕುಮದ ಭರಣಿ ತಂದು ತಾವೇ ನನ್ನ ಹಣೆಗೆ ಇಡುತ್ತಿದ್ದರು, ಮೂಗಿನ ಮೇಲೆ ಉದುರಿದ್ದನ್ನು ಹೆಬ್ಬೆರಳಲ್ಲಿ ಒರೆಸುತ್ತಿದ್ದರು. "ನನ್ನ ಹುಡ್ಗಿ ಹೆತ್ರೆ ಕಾಗ್ದ ಬರೀತ ಕೂರಬೇಡ. ಓಡಿ ಬಾ," ಎನ್ನುತ್ತಿದ್ದರು.

ಯುಗಾದಿ ಕಳೆದ ಮೇಲೆ ಪಟೇಲರು ತಮ್ಮ ಹಳೆಯ, ಕ್ಯಾನ್ವಾಸ್ ಹುಡ್ಡಿನ ಕಾರನ್ನು ಹೆರಿಗೆ ಮನೆಗೆ ಕೊಟ್ಟರು. ಹೆಂಡತಿ ದಿನಾ ತಲೆ ತಿಂದದ್ದರ ಫಲ ಎಂದು ಅವರೇ ಹೇಳಿದರು. ಉಳಿದ ಮನೆಗಳವರು ತಮ್ಮ ಪೆಟ್ರೋಲ್ ಕೂಪನ್ನಿನಲ್ಲಿ ಒಂದೊಂದು ಪಾಲು ಬಿಟ್ಟುಕೊಟ್ಟರು. ಡ್ರೈವರ್ ಸಾಹೇಬರು ಒಬ್ಬರು ಸಿಕ್ಕರು, ಕಾರು ಒರೆಸುವುದರಲ್ಲಿ ಕುದುರೆ ಮೈ ತಿಕ್ಕುವಷ್ಟು ಅಕ್ಕರೆ. ಸಿಸ್ಟರ್ ಕಾರಿನ ಹಿಂದಿನ ಸೀಟು ಅಳೆದು ನೋಡಿ, "ಒಬ್ಬಳು ಕಾಲು ಮಡಚಿ ಮಲಗ್ಬಹುದು," ಎಂದರು. ಅವರು ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು.

ಇಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ಆದರೆ ದಾನ ತೆಗೆದುಕೊಂಡ ಮೇಲೆ ದಾನಿಗಳನ್ನು ಮರೆಯಬಾರದು ಎಂಬುದು ದೊರೆಸಾನಿಯ ರೂಲ್. ತಪ್ಪು ರೂಲೂ ಅಲ್ಲ. ಎಲ್ಲರನ್ನೂ ಒಟ್ಟಿಗೆ ಕರೆದು ಥ್ಯಾಂಕ್ಸ್ ಹೇಳುವುದು, ಕಾರಿನ ಜೊತೆ ಒಂದು ಗ್ರೂಪ್ ಫೋಟೋ ತೆಗೆಸಿ ಪ್ರತಿಯೊಬ್ಬರಿಗೂ ಕಾಪಿ ಕಳಿಸುವುದು ಎಂದಾಯಿತು. ಜಾಗ ಪೇಟೆಯಿಂದ ಎರಡು ಮೈಲಿ ದೂರದ ಟಿ.ಬಿ.ಯ, ಎಂದರೆ ಪ್ರವಾಸಿ ಬಂಗಲೆಯ, ಅಂಗಳ. ಮೇ ತಿಂಗಳಿಗೆ ಇಟ್ಟುಕೊಂಡದ್ದು, ಚೀಫ್ ಗೆಸ್ಟ್ ಆಗಿ ಬರಬೇಕಿದ್ದ ದೊಡ್ಡ ಆಫೀಸರರ ಹೆಂಡತಿಗೆ ಬಿಡುವಿಲ್ಲದೆ ಜೂನಿನ ಮೊದಲ ವಾರಕ್ಕೆ ಹೋಯಿತು.

ಸಿಸ್ಟರ್ ಒಪ್ಪಲಿಲ್ಲ. "ಮಳೆ ಹಿಡ್ಕೊಳ್ಳೋ ಹೊತ್ತು ಅದು. ಪಟೇಲರ ಲೈನಿನ ಹುಡುಗಿಗೂ ದಿನ ತುಂಬ್ತಾ ಇದೆ. ಕಾರು ಇಲ್ಲೇ ಇರ್ಬೇಕು ಮಿಸ್."

"ಅವರು ಕೊಟ್ಟ ಕಾರು ಅವರಿಗೇ ಕಾಣದಿದ್ರೆ ಹೇಗೆ ಸಿಸ್ಟರ್? ಮೂರು ಗಂಟೆ ಹೊತ್ತು ಅಷ್ಟೆ."

ಟೈಮ್‌ಟೇಬಲ್ ಟೈಪ್ ಮಾಡಿ ಅವರ ಕೈಗಿಟ್ಟೆ. ನಾಲ್ಕಕ್ಕೆ ಫೋಟೋ, ನಾಲ್ಕೂಕಾಲಿಗೆ ಕಾರು ವಾಪಸ್. ಅವರು ಅದನ್ನು ಓದಿ ಎಪ್ರನ್ ಜೇಬಿಗೆ ಹಾಕಿಕೊಂಡರು.

ಆ ದಿನ ಬೆಳಿಗ್ಗೆ ದೊರೆಸಾನಿಯ ಬಂಗಲೆಯಿಂದ ಅದೇ ಕಪ್ಪುಗಳ ಎರಡು ಪೆಟ್ಟಿಗೆಗಳನ್ನು ಕಾರಿನಲ್ಲಿ ತಂದೆವು. ಒಂದನ್ನು ಬಿಚ್ಚಿದ್ದೇ ಸಾಕಾಯಿತು. ಇನ್ನೊಂದು ಹಿಂದಿನ ಸೀಟಿನ ಮೇಲೆ ಹಾಗೇ ಉಳಿಯಿತು. ಡ್ರೈವರ್ ಸಾಹೇಬರು ಕಾರಿನ ಮೂತಿಗೆ ಚೆಂಡುಹೂವಿನ ಮಾಲೆ ಕಟ್ಟಿದರು. ಮೋಡ ಇತ್ತು, ಮಳೆ ಇರಲಿಲ್ಲ. ದೇವರಮನೆ ಗುಡ್ಡದ ಮೇಲೆ ಮಾತ್ರ ಕಪ್ಪಗೆ ಕಟ್ಟಿತ್ತು. ಅದನ್ನು ನೋಡಿದೆ ನಾನು. ನೋಡಿ, ಫೋಟೋಗೆ ಬೆಳಕು ಸಾಲುತ್ತದೋ ಇಲ್ಲವೋ ಎಂದು ಯೋಚಿಸಿದೆ.

ಚೀಫ್ ಗೆಸ್ಟ್ ತಡವಾಗಿ ಬಂದರು. ಈ ಸಲ ಎಲ್ಲರೂ ಟೀ ಕುಡಿದರು, ಕೇಕನ್ನೂ ತಿಂದರು. ಚಿಕ್ಕಮಗಳೂರಿನಿಂದ ಬಂದ ಫೋಟೋಗ್ರಾಫರ್ ಮೂರು ಕಾಲಿನ ಕ್ಯಾಮರಾ ನಿಲ್ಲಿಸಿ ಕಪ್ಪು ಬಟ್ಟೆಯೊಳಗೆ ತಲೆ ಹಾಕಿದ. ಜನರನ್ನು ನಿಲ್ಲಿಸುವುದು ನನ್ನ ಕೆಲಸ. ಬೇಲಿ ಜಗಳದಿಂದ ಎಷ್ಟೋ ವರ್ಷ ಮಾತು ಬಿಟ್ಟಿದ್ದ ಇಬ್ಬರು ಯಜಮಾನರು ಒಂದೇ ಫ್ರೇಮಿನಲ್ಲಿ ನಿಲ್ಲಲು ಒಪ್ಪಿದ್ದರು. ಒಬ್ಬರನ್ನು ಕಾರಿನ ಎಡಕ್ಕೆ, ಇನ್ನೊಬ್ಬರನ್ನು ಬಲಕ್ಕೆ ನಿಲ್ಲಿಸಲು ನನಗೆ ವಾರವೇ ಹಿಡಿದಿತ್ತು. ಮುಂದಿನ ಸಾಲಿನ ಕುರ್ಚಿಗಳಲ್ಲಿ ಅಮ್ಮಂದಿರು. ಪಟೇಲರ ಅಮ್ಮನ ಕುರ್ಚಿಯ ಹಿಂದೆ ನಾನು.

ನಾಲ್ಕಕ್ಕೆ ಹತ್ತು ನಿಮಿಷ ಇದ್ದಾಗ ಪಟೇಲರ ಎಸ್ಟೇಟಿನ ತಪಾಲಿನವನು ಸೈಕಲ್ಲಿನಿಂದ ಹಾರಿ ಇಳಿದ. ಮೈಯೆಲ್ಲ ಬೆವರು. ಲೈನಿನಿಂದ ಹೆರಿಗೆ ಮನೆಗೆ ಸುದ್ದಿ ತಂದವನನ್ನು ಸಿಸ್ಟರ್ ಹಾಗೇ ನನ್ನ ಹತ್ತಿರ ಅಟ್ಟಿದ್ದರು. ಚೀಟಿಯಲ್ಲಿ ಅವರ ದುಂಡು ಅಕ್ಷರ: "ಪಟೇಲರ ಲೈನು. ಮಗು ಹುಟ್ಟಿದೆ, ಮಾಸು ಬಿದ್ದಿಲ್ಲ, ರಕ್ತ ಹೋಗುತ್ತಿದೆ. ಕಾರು ಕೂಡಲೇ ಕಳಿಸಿ. ನಾನು ನಡೆದು ಹೊರಟೆ."

ಹೆಸರು ಬರೆದಿರಲಿಲ್ಲ. ಬೇಕಾಗಿಯೂ ಇರಲಿಲ್ಲ. ಪಟ್ಟಿಯಲ್ಲಿ ಅವಳಿಂದ ಪಟೇಲರ ಅಮ್ಮನ ಹೆಸರಿಗೆ ಗೆರೆ ಎಳೆದವಳು ನಾನೇ.

ಚೀಫ್ ಗೆಸ್ಟ್ ಕೈ ತೊಳೆಯಲು ಒಳಗೆ ಹೋಗಿದ್ದರು. ಸೂರ್ಯ ಮೋಡದ ಹಿಂದೆ. "ಒಂದೇ ಒಂದು ಬಿಸ್ಲು ಬರ್ಲಿ, ಯಾರೂ ಅಲ್ಲಾಡ್ಬೇಡಿ," ಎಂದ ಫೋಟೋಗ್ರಾಫರ್. ಆ ಇಬ್ಬರು ಯಜಮಾನರು ಕಾರಿನ ಮೇಲೆ ಒಂದೊಂದು ಕೈ ಇಟ್ಟು ನಿಂತಿದ್ದರು. ಕಾರು ಹೊರಟರೆ ಸಾಲು ಒಡೆಯುತ್ತದೆ, ಒಡೆದದ್ದು ಮತ್ತೆ ಕೂಡುವುದಿಲ್ಲ. ಹತ್ತು ನಿಮಿಷ, ಎಂದುಕೊಂಡೆ. ಹತ್ತೇ ನಿಮಿಷ.

"ಕಾರು ಬಂತು ಅಂತ ಹೇಳಿ," ಎಂದು ತಪಾಲಿನವನನ್ನು ಕಳಿಸಿದೆ. ಚೀಟಿ ಮಡಚಿದೆ.

ಪಟೇಲರ ಅಮ್ಮ ಕುತ್ತಿಗೆ ಹೊರಳಿಸಿ ಕೇಳಿದರು: "ನಮ್ಮ ತಪಾಲಿನವನಲ್ವ ಅದು? ಎಂತ ಚೀಟಿ ಮಗ?"

"ಆಫೀಸಿಂದು, ಅಮ್ಮ."

ಬಿಸಿಲು ಬರುವಷ್ಟರಲ್ಲಿ ನಾಲ್ಕೂವರೆ.

ಫೋಟೋ ಆದ ಕೂಡಲೇ ಡ್ರೈವರ್ ಸಾಹೇಬರ ಪಕ್ಕ ಕೂತು ಹೊರಟೆ. ಮಾಲೆ ಬಿಚ್ಚಲಿಲ್ಲ, ಪೆಟ್ಟಿಗೆ ಇಳಿಸಲಿಲ್ಲ. ಪೇಟೆ ದಾಟಿ ಎರಡು ಮೈಲಿ ಆಚೆ ಸಿಸ್ಟರ್ ಸಿಕ್ಕರು. ಕೊಡೆ, ಕಪ್ಪು ಬ್ಯಾಗು, ಮೊಣಕಾಲವರೆಗೆ ಕೆಸರು. ಹತ್ತಿ, ಪೆಟ್ಟಿಗೆಯನ್ನು ತಳ್ಳಿ ಜಾಗ ಮಾಡಿಕೊಂಡು ಕೂತರು. ಎದೆಗೆ ಪಿನ್ ಮಾಡಿದ್ದ ವಾಚನ್ನು ಒಮ್ಮೆ ಎತ್ತಿ ನೋಡಿದರು, ಬಿಟ್ಟರು. ಆಮೇಲೆ ದಾರಿಯುದ್ದಕ್ಕೂ ಕಪ್ಪುಗಳ ಸದ್ದು ಒಂದೇ.

ಲೈನಿಗೆ ಅರ್ಧ ಮೈಲಿ ಈಚೆ ಒಂದು ಹಳ್ಳ. ಬೇಸಿಗೆಯಲ್ಲಿ ಪಾದ ಮುಳುಗದು. ಸೇತುವೆ ಇಲ್ಲ, ಕಲ್ಲು ಹಾಸಿನ ಮೇಲೆ ಕಾರು ದಾಟುತ್ತಿತ್ತು. ನಾವು ಹೋದಾಗ ಅದು ಕೆಂಪಗೆ, ಮರದ ಕೊಂಬೆಗಳನ್ನು ಎಳೆದುಕೊಂಡು, ಹುಯ್ಯೆಂದು ಹೋಗುತ್ತಿತ್ತು. ಗುಡ್ಡದ ಮೇಲೆ ಹೊಯ್ದ ಮಳೆ. ಆಚೆ ದಡದಲ್ಲಿ ಬಿದಿರಿಗೆ ಕಟ್ಟಿದ ಕಂಬಳಿ ಹೊತ್ತು ನಾಲ್ಕು ಜನ, ಕೂಸನ್ನು ಎತ್ತಿಕೊಂಡ ಅತ್ತೆ, ನಮಗಿಂತ ಮೊದಲೇ ದಾಟಿಹೋಗಿ ಅಲ್ಲಿ ಸಿಕ್ಕಿಕೊಂಡಿದ್ದ ತಪಾಲಿನವನು.

ಅವನು ಕೂಗಿದ: "ನಾನು ದಾಟ್ವಾಗ ಪಾದ ಮುಳ್ಗೋ ಅಷ್ಟೇ ಇತ್ತು ಸಾಯ್ಬ್ರೇ! ಈಗ ಬಂದದ್ದು ಇದು! ಈಗ!"

ಸಿಸ್ಟರ್ ದಡದಲ್ಲಿ ನಿಂತು ನೀರಿನ ಮೇಲೆ ಕೂಗಿದರು. "ಹೊಟ್ಟೆ ಉಜ್ಜಿ! ಗಟ್ಟಿಯಾಗಿ ಉಜ್ಜಿ! ಕೂಸಿಗೆ ಮೊಲೆ ಕೊಡಿ!" ಕೂಸು ಮೊಲೆ ಚೀಪಿದರೆ ಗರ್ಭಕೋಶ ಬಿಗಿಯುತ್ತದೆ, ರಕ್ತ ನಿಲ್ಲಬಹುದು. ಆಚೆಯವರಿಗೆ ಅರ್ಧ ಕೇಳಿಸಿತು, ಅರ್ಧ ಇಲ್ಲ. ಕೊನೆಗೆ ಸಾಹೇಬರು ಹಗ್ಗ ಎಸೆದು, ಆಚೆಯವರು ಅದನ್ನು ಮರಕ್ಕೆ ಬಿಗಿದು, ಸಿಸ್ಟರ್ ಬ್ಯಾಗನ್ನು ತಲೆಗೆ ಕಟ್ಟಿಕೊಂಡು ಎದೆಮಟ್ಟದ ನೀರಿಗೆ ಇಳಿದರು. ದಡದ ಮೇಲೇ, ಎರಡು ಕೊಡೆಗಳ ಮರೆಯಲ್ಲಿ, ಕೈ ಹಾಕಿ ಮಾಸು ತೆಗೆದರು. ನನಗೆ ಕಂಡದ್ದು ಅವರ ಬಾಗಿದ ಬೆನ್ನು ಮಾತ್ರ.

ನೀರು ಇಳಿದು ಕಂಬಳಿಯನ್ನು ಈಚೆ ತರುವಾಗ ಆರೂವರೆ. ಸೀಟಿನ ಮೇಲೆ ಜಾಗ ಬೇಕಲ್ಲ. ಕಪ್ಪುಗಳ ಪೆಟ್ಟಿಗೆಯನ್ನು ಎತ್ತಿ ರಸ್ತೆಯ ಬದಿಗೆ ಇಟ್ಟೆವು. ಅವಳನ್ನು ಕಾಲು ಮಡಚಿ ಮಲಗಿಸಿದರು. ಮುಖ ಕಾಗದದ ಹಾಗೆ ಇತ್ತು. ಹತ್ತಿಸುವಾಗ ಕಾರಿನ ಮೂತಿಯ ಚೆಂಡುಹೂ ಅವಳ ಕಣ್ಣಿಗೆ ಬಿದ್ದಿರಬೇಕು.

"ಯಾರ ಮದುವೆ ಅಕ್ಕ?" ಎಂದು ನನ್ನನ್ನು ಕೇಳಿದಳು.

ನಾನು ಮುಂದೆ ಹತ್ತಿ ಕೂತೆ. ಕೂಸನ್ನು ನನ್ನ ತೊಡೆಯ ಮೇಲೆ ಇಟ್ಟರು. ಹೆಣ್ಣು ಕೂಸು. ವಾಪಸು ಬರುವಾಗ ಕಾರಿನಲ್ಲಿ ಯಾವ ಸದ್ದೂ ಇರಲಿಲ್ಲ. ಪೇಟೆಯ ದೀಪ ಕಾಣುವ ಮೊದಲೇ, "ಸಾಯ್ಬ್ರೇ, ಇನ್ನು ಮೆಲ್ಲಗೆ ಹೋಗಿ ಸಾಕು," ಎಂದರು ಸಿಸ್ಟರ್.

ಹೆರಿಗೆ ಮನೆಯ ಮೆಟ್ಟಿಲ ಮೇಲೆ ಅವರು ನನ್ನನ್ನು ಒಂದೇ ಮಾತು ಕೇಳಿದರು: "ಚೀಟಿ ಎಷ್ಟೊತ್ತಿಗೆ ಸಿಕ್ತು?"

"ಹತ್ತು ಕಮ್ಮಿ ನಾಲ್ಕು."

"ಹ್ಞೂಂ," ಎಂದು ಒಳಗೆ ಹೋದರು. ಮುಂಚೆ ಹೋಗಿದ್ದರೆ ಉಳಿಯುತ್ತಿದ್ದಳೇ ಎಂದು ನಾನು ಯಾವತ್ತೂ ಕೇಳಲಿಲ್ಲ. ಅವರೂ ಹೌದೆಂದೂ ಅಲ್ಲವೆಂದೂ ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಗಾಡಿ ಕಟ್ಟಿಸಿಕೊಂಡು ಪಟೇಲರ ಅಮ್ಮ ಬಂದರು. ಹೆಣವನ್ನು ವರಾಂಡದಲ್ಲಿ ಮಲಗಿಸಿದ್ದರು, ನಾನು ಮೊದಲ ಪಾರ್ಟಿ ಮಾಡಿದ ಅದೇ ವರಾಂಡ. ಮುತ್ತೈದೆಯನ್ನು ಬರಿ ಮಡಿಲಲ್ಲಿ ಕಳಿಸುವುದಿಲ್ಲ. ಅಮ್ಮ ನೆಲದ ಮೇಲೆ ಕೂತು, ಅವಳ ಸೆರಗನ್ನು ತಾವೇ ಬಿಡಿಸಿ ಹರಡಿ, ಅಕ್ಕಿ ಹಾಕಿದರು, ಕಾಯಿ ಇಟ್ಟರು, ಬೆಲ್ಲ ಇಟ್ಟರು. ಕೈಯನ್ನು ಮಡಿಲೊಳಗೇ ಇಟ್ಟು, ಅಕ್ಕಿ ಚೆಲ್ಲದ ಹಾಗೆ ಒತ್ತಿ ಒತ್ತಿ ಗಂಟು ಕಟ್ಟಿದರು. ಎಷ್ಟೋ ಹೊತ್ತು ಆ ಗಂಟಿನ ಮೇಲೆ ಕೈ ಇಟ್ಟೇ ಕೂತಿದ್ದರು. ಆಮೇಲೆ ತಲೆ ಎತ್ತಿ, "ಸಿಸ್ಟರಮ್ಮ, ಒಂಚೂರು ನೀರು ಕೊಡಿ," ಎಂದರು. ಹೆತ್ತವರೂ ಸತ್ತವಳೂ ಇದ್ದ ಆ ಮನೆಯಲ್ಲಿ, ಎನಾಮಲ್ ಲೋಟಕ್ಕೆ ತುಟಿ ಹಚ್ಚಿ, ಪೂರ್ತಿ ಕುಡಿದರು.

ಅವತ್ತು ನಾನು ಹೇಳಬಹುದಿತ್ತು. ಹೇಳಲಿಲ್ಲ. ಆ ವಾರವೇ ಅತ್ತೆ ಕೂಸನ್ನು ಕಂಬಳಿಯಲ್ಲಿ ಸುತ್ತಿಕೊಂಡು ಘಟ್ಟ ಇಳಿದಳು. ಆ ಕೂಸು ಉಳಿಯಿತೋ ಏನೋ ನನಗೆ ಗೊತ್ತಾಗಲಿಲ್ಲ. ಕಾರಂತೂ ಆ ಮಳೆಗಾಲವೆಲ್ಲ ಓಡಿತು. ಅದರಲ್ಲಿ ಬಂದು ಹೆತ್ತು, ಕೂಸು ಎತ್ತಿಕೊಂಡು ಮನೆಗೆ ಹೋದವರು ಎಷ್ಟೋ ಜನ. ಅದನ್ನೂ ಬರೆಯದಿದ್ದರೆ ತಪ್ಪಾಗುತ್ತದೆ.

ಸ್ವಲ್ಪ ದಿನಕ್ಕೆ ಫೋಟೋಗಳು ಬಂದವು. ದಪ್ಪ ರಟ್ಟಿಗೆ ಅಂಟಿಸಿದ್ದು. "ಮಾರ್ವೆಲಸ್, ಒಬ್ಬರೂ ಅಲ್ಲಾಡಿಲ್ಲ," ಎಂದರು ದೊರೆಸಾನಿ. ನಿಜ, ಯಾರೂ ಅಲ್ಲಾಡಿಲ್ಲ. ಅದರಲ್ಲಿ ನಾನು ಪಟೇಲರ ಅಮ್ಮನ ಹಿಂದೆ ನಿಂತ ಹಾಗೆಯೇ ನಿಂತಿದ್ದೇನೆ, ಬಲಗೈಯಲ್ಲಿ ಮಡಚಿದ ಚೀಟಿ. ಒಂದೊಂದು ಕಾಪಿಯ ಜೊತೆ ಒಂದೊಂದು ಲೆಟರ್ ಬರೆದು ಅಂಚೆಗೆ ಹಾಕಿದೆ. ರಾಜೀನಾಮೆಯ ಕಾಗದವನ್ನೂ ಟೈಪ್ ಮಾಡಿದೆ. ಪಟೇಲರ ಅಮ್ಮನ ಕಾಪಿಯನ್ನು ಮಾತ್ರ ನಾನೇ ತೆಗೆದುಕೊಂಡು ಹೋದೆ.

ಜಗುಲಿಯಲ್ಲಿ ಕೂರಿಸಿದರು, ಕಾಫಿ ಕೊಟ್ಟರು. ಫೋಟೋವನ್ನು ಬೆಳಕಿಗೆ ಹಿಡಿದು, "ಅಯ್ಯ, ಇವರ ಹೊಟ್ಟೆ ನೋಡು! ಕಾರಿಗಿಂತ ಮುಂದಿದೆ," ಎಂದು ಗಂಡನ ಚಿತ್ರಕ್ಕೆ ಬೆರಳಿಟ್ಟು ನಕ್ಕರು.

"ಅಮ್ಮ, ನನ್ನ ಕೈಲಿ ಇರೋದು ನೋಡಿ."

ನೋಡಿದರು.

"ಅದು ಆಫೀಸಿನ ಚೀಟಿ ಅಲ್ಲ. ಸಿಸ್ಟರ್ ಕಾರು ಕೇಳಿ ಬರೆದದ್ದು. ಫೋಟೋ ಆಗ್ಲಿ ಅಂತ ನಾನು ಕಾರು ಬಿಡ್ಲಿಲ್ಲ."

ಅವರು ಚಿತ್ರದಿಂದ ಕಣ್ಣು ತೆಗೆಯಲಿಲ್ಲ. ಬೈಯುವ ದನಿಯಲ್ಲಿ ಅಲ್ಲ, ಮೆಲ್ಲಗೆ ಹೇಳಿದರು: "ನನ್ನ ಕೈಗೆ ಕೊಟ್ಟಿದ್ರೂ ನಂಗೆ ಓದಕ್ಕೆ ಬರ್ತಿರ್ಲಿಲ್ಲ ಮಗ. ನೀನೇ ಓದಿ ಹೇಳ್ಬೇಕಿತ್ತು."

ನಾನು ಎದ್ದೆ. ಅವರೂ ಎದ್ದು ಒಳಗೆ ಹೋದರು. ಹೆಣ್ಣುಮಗಳನ್ನು ಬರಿ ಹಣೆಯಲ್ಲಿ ಕಳಿಸುವ ಮನೆಯಲ್ಲ ಅದು. ಕುಂಕುಮದ ಭರಣಿ ತಂದರು. ಮುಚ್ಚಳ ತೆಗೆದರು. ತೆಗೆದು, ಜಗುಲಿಯ ಅಂಚಿನ ಮೇಲೆ ಇಟ್ಟು, ಒಂದು ಹೆಜ್ಜೆ ಹಿಂದೆ ಸರಿದು ನಿಂತರು.

"ತಗೋ ಮಗ," ಎಂದರು.

ನಾನೇ ಬೆರಳು ಅದ್ದಿ ಹಣೆಗೆ ಇಟ್ಟುಕೊಂಡೆ. ಮೂಗಿನ ಮೇಲೆ ಉದುರಿತು. ಅಂಗಳ ದಾಟಿ, ಕಣ ದಾಟಿ, ಗೇಟಿನ ಹತ್ತಿರ ತಿರುಗಿ ನೋಡಿದೆ. ಅವರು ಅಲ್ಲೇ ನಿಂತಿದ್ದರು. ಭರಣಿಯನ್ನು ಇನ್ನೂ ಎತ್ತಿಕೊಂಡಿರಲಿಲ್ಲ. ಪಟೇಲರ ಅಮ್ಮನನ್ನು ನಾನು ನೋಡಿದ್ದು ಅದೇ ಕೊನೆ.